ಮೂಸಿ ಮಾರಿದ ವೈನು

ಚಳಿ ಶುರುವಾಯಿತೆಂದು ಮೊನ್ನೆ ಹಳೆಯ ಕೋಟೊಂದನ್ನು ತೆಗೆದು ಹಾಕಿಕೊಂಡು ಜೇಬಿಗೆ ಕೈ ಬಿಟ್ಟರೆ ಒಂದು ಬಿರಡೆ ಸಿಕ್ಕಿತು. ವೈನ್ ಬಾಟಲಿಯ ಬಾಯಿಗೆ ಜಡಿದಿರುತ್ತಾರಲ್ಲ, ಆ ಕಾರ್ಕು. ಬೇರೆ ಯಾರಾದರೂ ಆಗಿದ್ದರೆ ಅದರ ಮೈಮೇಲೆ ಏನು ಅಚ್ಚಾಗಿದೆ ಎಂದು ಓದುತ್ತಿದ್ದರು. ನಾನು ಕಣ್ಣಿಗೆ ತೋರಿಸುವ ಮೊದಲೇ ಮೂಗಿಗೆ ತೋರಿಸಿದೆ. ಎಷ್ಟೋ ವರ್ಷದಿಂದ ಜೇಬಿನ ಮೂಲೆಯಲ್ಲಿ ಬಿದ್ದಿದ್ದ ಬಿರಡೆ, ಅದರಲ್ಲಿ ವಾಸನೆ ಇನ್ನೆಷ್ಟು ಉಳಿದೀತು. ಆದರೂ ಕ್ರೀಟ್ ದ್ವೀಪದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕನ್ನಡಕ ಹುಡುಕಿ ಓದಿದೆ. ಕ್ರೀಟ್ ದ್ವೀಪದ್ದೇ.

ಜಂಬ ಅಂದುಕೊಳ್ಳುತ್ತೀರಿ. ಹೌದು, ಜಂಬವೇ. ದೇವರು ನನಗೆ ಕಂಠ ಕೊಡಲಿಲ್ಲ, ಎತ್ತರ ಕೊಡಲಿಲ್ಲ, ಗಣಿತವನ್ನಂತೂ ತೋರಿಸಿ ವಾಪಸ್ಸು ತೆಗೆದುಕೊಂಡ. ಮೂಗನ್ನು ಮಾತ್ರ ಧಾರಾಳವಾಗಿ ಕೊಟ್ಟ, ಅಳತೆಯಲ್ಲೂ ಧಾರಾಳವಾಗಿಯೇ. ಅದರ ಮೇಲೆ ಅಜ್ಜಿಯ ಕಾಲದ ಏಳು ಕಲ್ಲಿನ ಮೂಗುಬಟ್ಟು ಬೇರೆ. ನಾನು ವೈನ್ ಗ್ಲಾಸಿನೊಳಗೆ ಮೂಗು ಇಳಿಸಿದಾಗ ಅದು ಗಾಜಿಗೆ ತಾಕಿ ಟಿಣ್ ಎನ್ನುತ್ತದೆ. ನಮ್ಮ ಅಂಗಡಿಯ ಹಳೆಯ ಗಿರಾಕಿಗಳಿಗೆ ಆ ಸದ್ದಿನ ಪರಿಚಯವಿದೆ. ಟಿಣ್ ಎಂದರೆ ಮಾತು ನಿಲ್ಲಿಸಿ ಕಾಯುತ್ತಾರೆ. ಊರಿನಲ್ಲಿ ಇನ್ನೊಬ್ಬರ ವಿಷಯಕ್ಕೆ ಮೂಗು ತೂರಿಸಬೇಡ ಎಂದು ಬೈಸಿಕೊಂಡು ಬೆಳೆದವಳಿಗೆ ಇಲ್ಲಿ ಮೂಗು ತೂರಿಸುವುದಕ್ಕೇ ಸಂಬಳ.

ಈ ಮೂಗಿಗೆ ಅಕ್ಷರಾಭ್ಯಾಸವಾದದ್ದು ಮೈಸೂರಿನ ಸಂತೆಪೇಟೆಯಲ್ಲಿ, ಅಪ್ಪನ ಗ್ರಂಥಿಗೆ ಅಂಗಡಿಯಲ್ಲಿ. ಗ್ರಂಥಿಗೆ ಅಂಗಡಿ ಎಂದರೇನೆಂದು ಈಗ ಬಿಡಿಸಿ ಹೇಳಬೇಕಾಗುತ್ತದೆ. ಬಾಣಂತಿ ಲೇಹ್ಯದ ಸಾಮಾನಿನಿಂದ ಹಿಡಿದು ಹೋಮದ ಸಮಿತ್ತಿನವರೆಗೆ ಬೇರು, ತೊಗಟೆ, ಒಣಕಾಯಿ, ಅಂಟು, ಪತ್ರೆ ಎಲ್ಲ ಸಿಗುವ ಜಾಗ. ನೆಲದಿಂದ ಸೂರಿನವರೆಗೆ ತಗಡಿನ ಡಬ್ಬಿಗಳು. ಅರ್ಧ ಡಬ್ಬಿಗೆ ಚೀಟಿ ಇಲ್ಲ, ಇನ್ನರ್ಧದ ಚೀಟಿ ತಾತನ ಕಾಲದ್ದು. ಹೊರಗೆ ಬಜೆ ಎಂದು ಬರೆದಿದ್ದರೆ ಒಳಗೆ ಕಚೋರ, ಕಚೋರ ಎಂದಿದ್ದರೆ ಹಿಪ್ಪಲಿ. ನೋಡಿದವರು ಅವ್ಯವಸ್ಥೆ ಎನ್ನುತ್ತಿದ್ದರು. ಅಪ್ಪನ ಲೆಕ್ಕದಲ್ಲಿ ಅದೇ ಬೀಗ: ಕಳ್ಳ ಬಂದರೂ ಏನು ಕದಿಯಬೇಕೆಂದು ಅವನಿಗೆ ತಿಳಿಯಬಾರದು.

ಶಾಲೆ ಬಿಟ್ಟವಳೇ ಅಂಗಡಿಗೆ ಓಡಿ, ಕಟ್ಟೆ ಹತ್ತಿ, ಕಾಲು ಮಡಿಸಿ ಕೂತು ಪೊಟ್ಟಣ ಕಟ್ಟುತ್ತಿದ್ದೆ. ಅಪ್ಪ ತಕ್ಕಡಿಯಿಂದ ಕಣ್ಣೆತ್ತದೆ ಅತಿಮಧುರ ಅನ್ನುತ್ತಿದ್ದರು, ನಾನು ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಇನ್ನೊಂದು ತೆಗೆದು ಮೂಸಿ, ಸರಿಯಾದ ಡಬ್ಬಿಯನ್ನು ಅವರ ಮುಂದೆ ಇಡುತ್ತಿದ್ದೆ. ಎಂಟನೆಯ ವಯಸ್ಸಿಗೆ ಸಾಂಬ್ರಾಣಿಯಲ್ಲಿ ಯಾವುದು ಹಳತು ಯಾವುದು ಹೊಸತು ಎಂದು ಹೇಳುತ್ತಿದ್ದೆ. ಮಳೆಗಾಲದಲ್ಲಿ ಒದ್ದೆ ಗೋಣಿಚೀಲದ ವಾಸನೆ ಬಂದರೆ ಅಂಗಡಿಯಲ್ಲೆಲ್ಲ ನಾಯಿಯ ಹಾಗೆ ಮೂಸುತ್ತ ಹೋಗಿ, ಮುಗ್ಗಿದ ಚೀಲದ ಮುಂದೆ ನಿಂತುಬಿಡುತ್ತಿದ್ದೆ. ಗಿರಾಕಿಗಳು ಶೆಟ್ಟರ ಮಗಳು ಜಾಣೆ ಅನ್ನುತ್ತಿದ್ದರು. ಗಣಿತದ ಮೇಷ್ಟ್ರ ಅಭಿಪ್ರಾಯ ಬೇರೆಯೇ ಇತ್ತು.

ಮದುವೆಯಾಗಿ ನಮ್ಮ ಮನೆಯವರ ಹಿಂದೆ ಇಲ್ಲಿಗೆ, ಅಮೆರಿಕಕ್ಕೆ, ಬಂದ ಮೇಲೆ ಮೂಗಿಗೆ ಕೆಲಸ ಇಲ್ಲವಾಯಿತು. ಈ ದೇಶದಲ್ಲಿ ಎಲ್ಲವನ್ನೂ ಪ್ಲಾಸ್ಟಿಕ್ಕಿನೊಳಗೆ ಇಟ್ಟು ಬೆಸೆದಿರುತ್ತಾರೆ. ಓವರ್‌ಲೇಕ್ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಒಮ್ಮೆ ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದ್ದಕ್ಕೆ ಅಲ್ಲಿದ್ದ ತೆಲುಗು ಹುಡುಗಿ ಅದನ್ನು ನನ್ನ ಬುಟ್ಟಿಗೇ ಹಾಕಿದಳು. ಮನೆಯವರ ಆಫೀಸು ಓವರ್‌ಲೇಕಿನಲ್ಲಿ, ನಮ್ಮ ಮನೆ ನಾರ್ತ್ ಕ್ರೀಕಿನಲ್ಲಿ, ನನ್ನ ವೀಸಾದ ಹೆಸರು ಅವಲಂಬಿತಳು. ಆ ವೀಸಾದವರು ದುಡಿಯುವ ಹಾಗಿರಲಿಲ್ಲ. ಒಂಬತ್ತು ವರ್ಷ ಮಗಳನ್ನು ಬೆಳೆಸಿದೆ, ಕನ್ನಡ ಕೂಟಕ್ಕೆ ಕೋಸಂಬರಿ ಮಾಡಿದೆ, ಲೈಬ್ರರಿಯ ಪುಸ್ತಕಗಳನ್ನು ಮೂಸಿದೆ. ಆಮೇಲೆ 2015ರಲ್ಲಿ ಸರ್ಕಾರ ಮನಸ್ಸು ಬದಲಾಯಿಸಿ ನಮ್ಮಂಥ ಕೆಲವು ಹೆಂಡತಿಯರಿಗೆ ಕೆಲಸದ ಪರವಾನಗಿ ಕೊಟ್ಟಿತು. ಪರವಾನಗಿ ಬಂತು, ಆದರೆ ಕೆಲಸ ಕೊಡುವವರು ನಿಮಗೇನು ಬರುತ್ತದೆ ಎಂದು ಕೇಳುತ್ತಿದ್ದರು. ಮೂಸಲು ಬರುತ್ತದೆ ಎಂದು ಅರ್ಜಿಯಲ್ಲಿ ಹೇಗೆ ಬರೆಯುವುದು ನೀವೇ ಹೇಳಿ.

ಕೆಲಸ ಸಿಕ್ಕಿದ್ದು ದಸರಾ ಗೊಂಬೆಗಳ ದೆಸೆಯಿಂದ. ಗೊಂಬೆ ಎತ್ತಿಡುವುದಕ್ಕೆ ವೈನಿನ ರಟ್ಟಿನ ಪೆಟ್ಟಿಗೆಯಷ್ಟು ಒಳ್ಳೆಯದು ಬೇರೊಂದಿಲ್ಲ. ಒಳಗೆ ಹನ್ನೆರಡು ಖಾನೆ; ಪಟ್ಟದ ಗೊಂಬೆಗೊಂದು, ಶೆಟ್ಟಿಗೊಂದು, ಶೆಟ್ಟಮ್ಮನಿಗೊಂದು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಆಫೀಸು ಕಟ್ಟಡಗಳ ನಡುವೆ, ಒಂದು ಸಣ್ಣ ವೈನ್ ಅಂಗಡಿ ಇತ್ತು. ಖಾಲಿ ಪೆಟ್ಟಿಗೆ ಕೇಳೋಣವೆಂದು ಬಾಗಿಲು ತಳ್ಳಿ ಒಳಗೆ ಹೋದೆ. ಕೌಂಟರಿನ ಹಿಂದೆ ನರೆತ ಕೂದಲಿನ ದಪ್ಪನೆಯ ಹೆಂಗಸು ಆಗಷ್ಟೇ ತೆರೆದ ಬಾಟಲಿಯಿಂದ ಒಂದು ಗ್ಲಾಸಿಗೆ ಬಗ್ಗಿಸಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನ ಮೂಗಿಗೆ ಸಂತೆಪೇಟೆಯ ಮಳೆಗಾಲ ಬಡಿಯಿತು. ಅವಳು ಫೋನು ಇಟ್ಟ ಮೇಲೆ ಪೆಟ್ಟಿಗೆ ಕೇಳುವುದನ್ನು ಬಿಟ್ಟು, ಈ ಗ್ಲಾಸಿನಲ್ಲಿ ಒದ್ದೆ ಗೋಣಿಯ ವಾಸನೆ ಇದೆ ಎಂದುಬಿಟ್ಟೆ.

ಅವಳು ಗ್ಲಾಸನ್ನು ಎತ್ತಿ ಮೂಸಿದಳು, ಮತ್ತೆ ಮೂಸಿದಳು, ಬಾಗಿಲ ಬಳಿ ನಿಂತಿದ್ದ ನನಗೂ ಗ್ಲಾಸಿಗೂ ನಡುವಿನ ದೂರವನ್ನು ಕಣ್ಣಲ್ಲೇ ಅಳೆದಳು. ಬಿರಡೆ ಕೆಟ್ಟರೆ ವೈನಿಗೆ ಆ ವಾಸನೆ ಹತ್ತುತ್ತದಂತೆ. ಅವಳ ಹೆಸರು ಎಲೆನಿ. ಕ್ರೀಟ್ ದ್ವೀಪದಲ್ಲಿ ಹುಟ್ಟಿ, ಆರು ವರ್ಷದವಳಿದ್ದಾಗ ತಾಯಿಯ ಸೆರಗು ಹಿಡಿದು ಇಲ್ಲಿಗೆ ಬಂದವಳು. ನಾನು ಆವತ್ತು ಎರಡು ಖಾಲಿ ಪೆಟ್ಟಿಗೆಯನ್ನೂ ಒಂದು ಕೆಲಸವನ್ನೂ ಹೊತ್ತುಕೊಂಡು ಮನೆಗೆ ಬಂದೆ. ನಮ್ಮ ಮನೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಎಲೆನಿಗೆ ಒಂದು ಹುಚ್ಚು. ಲೋಕವೆಲ್ಲ ಕುಡಿಯುವ ನಾಲ್ಕು ಹೆಸರಾಂತ ದ್ರಾಕ್ಷಿಗಳ ವೈನು ಅಂಗಡಿಯ ಮುಂಭಾಗದಲ್ಲಿ ಇರಲಿ, ಹಿಂದಿನ ಗೋಡೆಯ ಕಪಾಟು ಮಾತ್ರ ದ್ವೀಪಗಳಿಗೆ ಮೀಸಲು. ಸಿಸಿಲಿ, ಸಾರ್ಡಿನಿಯಾ, ಕ್ರೀಟ್, ಸೈಪ್ರಸ್. ಮೆಡಿಟರೇನಿಯನ್ ಸಮುದ್ರದ ನಡುವೆ ಕೂತ ಈ ದ್ವೀಪಗಳಲ್ಲಿ ಮಾತ್ರ ಬೆಳೆಯುವ, ಅಲ್ಲಿಯವರು ಇದು ನಮ್ಮ ಮಣ್ಣಿನದು ಎಂದು ಜಗಳಕ್ಕೆ ನಿಲ್ಲುವ ನಾಡು ದ್ರಾಕ್ಷಿಗಳ ಕೆಂಪು ವೈನುಗಳು ಅಲ್ಲಿ ಮಲಗಿರುತ್ತಿದ್ದವು. ಅವುಗಳ ಹೆಸರು ಬಾಯಿಗೆ ಹತ್ತಲು ನನಗೆ ಒಂದು ತಿಂಗಳು ಬೇಕಾಯಿತು. ಕೊನೆಗೆ ಕನ್ನಡದ ಗೂಟಕ್ಕೆ ಕಟ್ಟಿದೆ. ನೆರೆಲ್ಲೋ ಎಂಬುದು ನೇರಳೆಯಾಯಿತು. ನೀರೋ ದಾವೊಲಾದಲ್ಲಿ ನೀರು ಮೊದಲೇ ಇತ್ತು. ಕೋತ್ಸಿಫಾಲಿ ಕೋಸಿನ ಪಲ್ಯವಾಯಿತು. ಮಾಂಡಿಲಾರಿಯಾ ಮಂಡಿ ಲಾರಿಯಾಯಿತು. ಕ್ರೀಟಿನಲ್ಲಿ ಈ ಎರಡನ್ನೂ ಬೆರೆಸಿ ಒಂದೇ ವೈನು ಮಾಡುತ್ತಾರೆ. ತನ್ನ ತಾಯಿಯ ಹಳ್ಳಿಯಲ್ಲಿ ಬೆರೆಸದೆ ಮಾಡುವುದೇ ಕಡಿಮೆ ಎಂದು ಎಲೆನಿ ಹೇಳಿದಾಗ ನಾನು ಮಂಡಿ ಲಾರಿಯಲ್ಲಿ ಕೋಸಿನ ಪಲ್ಯ ಎಂದು ನೆನಪಿಟ್ಟುಕೊಂಡೆ. ಯಾಕೆ ಬೆರೆಸುತ್ತಾರೆಂದು ಕೇಳಲಿಲ್ಲ. ಸಂಪ್ರದಾಯ ಇರಬೇಕು ಅಂದುಕೊಂಡೆ.

ನಾಡು ದ್ರಾಕ್ಷಿಯ ವಿಷಯದಲ್ಲಿ ನಾನೂ ಒಮ್ಮೆ ಜಗಳಕ್ಕೆ ನಿಂತು ಮುಖಭಂಗ ಮಾಡಿಕೊಂಡಿದ್ದೇನೆ. ಊರಾಚೆ ಡುವಾಲ್ ಎಂಬ ಹಳ್ಳಿಯ ಕಡೆ ರಸ್ತೆ ಬದಿಯ ತೋಟದ ಅಂಗಡಿಯಲ್ಲಿ ಒಂದು ಶರತ್ಕಾಲ ಕಪ್ಪು ದ್ರಾಕ್ಷಿ ಇಟ್ಟಿದ್ದರು, ಬೆಟ್ಟದಾಚೆಯಿಂದ ಬಂದದ್ದು. ಕಾರಿನಿಂದ ಇಳಿಯುವ ಮೊದಲೇ ಗುರುತು ಹಿಡಿದೆ. ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಬಾಯಿಗೆ ಹಾರುವ, ಬೀಜದ, ಘಮ್ಮೆನ್ನುವ ನಮ್ಮ ದೇವರಾಜ ಮಾರುಕಟ್ಟೆಯ ದ್ರಾಕ್ಷಿ. ಬ್ಯಾಂಗಲೋರ್ ಬ್ಲೂ ಎನ್ನುತ್ತಾರಲ್ಲ, ಅದೇ. ಎರಡು ಗೊಂಚಲು ತಂದು ಎಲೆನಿಯ ಮುಂದಿಟ್ಟು, ನಿಮಗೆ ನಿಮ್ಮ ದ್ವೀಪದ ಹಣ್ಣಿದ್ದರೆ ನಮಗೆ ನಮ್ಮ ಬೆಂಗಳೂರಿನದ್ದಿದೆ, ಅದು ಇಲ್ಲಿಗೂ ಬಂದಿದೆ ನೋಡು ಎಂದು ಎದೆಯುಬ್ಬಿಸಿದೆ. ಅವಳು ಪುಸ್ತಕ ತೆರೆದು ತೋರಿಸಿದಳು. ಹಣ್ಣು ಬೆಂಗಳೂರಿನಿಂದ ಇಲ್ಲಿಗೆ ಬಂದದ್ದಲ್ಲ. ಎರಡೂ ಅಮೆರಿಕದ ಒಂದೇ ಕುಲದ ಬಳ್ಳಿಗಳು. ಇಲ್ಲಿಯ ಬಳ್ಳಿಯೇ ಯಾವ ಕಾಲದಲ್ಲೋ ಬೆಂಗಳೂರಿಗೆ ಹೋಗಿ ನಮ್ಮೂರಿನದಾಗಿ ಕೂತಿತ್ತು. ಶೆಟ್ಟಿ ಬಿಟ್ಟಲ್ಲೇ ಪಟ್ಟಣ ಎನ್ನುವುದು ದ್ರಾಕ್ಷಿಗೂ ಸಲ್ಲುತ್ತದೆಂದು ಹೇಳಿ ಮಾನ ಉಳಿಸಿಕೊಂಡೆ. ಅವಳಿಗೆ ಅರ್ಥವಾಗಲಿಲ್ಲ.

ಕಪಾಟಿನ ಬಾಟಲಿಗಳ ಮುಂದೆ ಒಂದೊಂದು ಚೀಟಿ ಬರೆದಿಡುವುದು ನನ್ನ ಪಾಲಿನ ಕೆಲಸವಾಯಿತು. ಅದರಲ್ಲಿ ನಾನು ಮೆರೆದೆ. ಸಿಸಿಲಿಯ ಒಂದು ವೈನಿನಲ್ಲಿ ಅತಿಮಧುರ, ಇನ್ನೊಂದರಲ್ಲಿ ಒಣಗಿದ ತುಳಸಿ ಕಡ್ಡಿ, ಸೈಪ್ರಸ್ಸಿನದರಲ್ಲಿ ದೇವದಾರುವಿನ ಪೆಟ್ಟಿಗೆಯಲ್ಲಿಟ್ಟ ಹೂವು. ಬಾಯಿಗೆ ಹೇಗಿರುತ್ತದೆಂದೂ ಒಂದು ಸಾಲು ಬರೆಯಬೇಕಿತ್ತು. ಅದನ್ನು ವಾಸನೆಯ ಮೇಲೆ ಅಂದಾಜು ಮಾಡಿ ಬರೆದೆ. ಯಾಕೆಂದರೆ, ಇಲ್ಲೇ ಇದೆ ನೋಡಿ ಗುಟ್ಟು, ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷದಲ್ಲಿ ನಾನು ಒಂದು ತೊಟ್ಟೂ ಬಾಯಿಗೆ ಹಾಕಿರಲಿಲ್ಲ. ಕುಡಿಯದ ಮನೆತನ ನಮ್ಮದು. ಮನೆಗೆ ಒಯ್ದು ರುಚಿ ನೋಡು ಎಂದು ಎಲೆನಿ ತೆರೆದ ಬಾಟಲಿಗಳನ್ನು ಕೊಡುತ್ತಿದ್ದಳು. ನಾನು ಮನೆಗೆ ತಂದು ಮೂಸಿ ಇಡುತ್ತಿದ್ದೆ. ಪದಾರ್ಥ ದಂಡ ಮಾಡಬಾರದೆಂಬ ಧರ್ಮಬುದ್ಧಿಯಿಂದ ನಮ್ಮ ಮನೆಯವರು ಮುಗಿಸುತ್ತಿದ್ದರು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಿದ್ದರು. ನಾಲ್ಕೂ ದ್ವೀಪಗಳು ಅವರ ನಾಲಿಗೆಯ ಮೇಲೆ ಚೆನ್ನಾಗಿದ್ದವು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಎಲೆನಿ ಒಂದು ಮಾತು ಹೇಳಿದಳು. ಮಂಡಿ ನೋವು, ಇನ್ನು ಎಲ್ಲವನ್ನೂ ನೋಡಿಕೊಳ್ಳಲಾಗುವುದಿಲ್ಲ, ದ್ವೀಪದ ಕಪಾಟನ್ನು ನೀನೇ ವಹಿಸಿಕೋ. ಯಾವ ವೈನು ತರಿಸಬೇಕು, ಯಾವುದು ಬೇಡ ಎಲ್ಲ ನಿನ್ನ ತೀರ್ಮಾನ. ಅದಕ್ಕೆ ಮೊದಲು ಆಗಸ್ಟಿನ ಒಂದು ಶನಿವಾರ ಗಿರಾಕಿಗಳನ್ನು ಕೂರಿಸಿ ಆರು ವೈನುಗಳ ರುಚಿ ತೋರಿಸುವ ಕಾರ್ಯಕ್ರಮವನ್ನು ನಾನೊಬ್ಬಳೇ ನಡೆಸಿಕೊಡಬೇಕು. ನಾನು ಕುಣಿದಾಡುತ್ತ ಮನೆಗೆ ಬಂದರೆ ಮೈಸೂರಿನಿಂದ ಫೋನು ಬಂದಿತ್ತು. ತಂಗಿಯ ಬಾಣಂತನಕ್ಕೆ ಅಮ್ಮ ಅಲ್ಲೇ ಉಳಿಯುತ್ತಾರೆ, ಅಪ್ಪ ಒಬ್ಬರೇ ಎರಡು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ.

ಅಪ್ಪನಿಗೆ ನಾನು ಹೇಳಿದ್ದು ದ್ರಾಕ್ಷಿರಸದ ಅಂಗಡಿಯಲ್ಲಿ ಕೆಲಸ ಎಂದು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವರೆದುರು ತಲೆ ತಗ್ಗಿಸಬೇಕಾಗುತ್ತದೆಂಬ ಹೆದರಿಕೆ ಒಂದು ಕಡೆ. ಇನ್ನೊಂದನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ನನಗೆ ಹದಿಮೂರು ತುಂಬಿದ ವರ್ಷ ಒಂದು ಸಂಜೆ ಅಂಗಡಿಗೆ ಹೋದಾಗ ಅಪ್ಪ ನನ್ನ ಕೈಯಿಂದ ಪೊಟ್ಟಣದ ದಾರ ತೆಗೆದುಕೊಂಡು, ಇನ್ನು ನೀನು ದೊಡ್ಡವಳು, ಅಂಗಡಿ ಕಟ್ಟೆಯ ಮೇಲೆ ಕೂರುವ ಹಾಗಿಲ್ಲ, ಮನೆಗೆ ಹೋಗಮ್ಮ ಎಂದಿದ್ದರು. ಬೈಯಲಿಲ್ಲ, ಮೆತ್ತಗೇ ಹೇಳಿದರು. ನಾನು ಅಳುತ್ತ ಮನೆಗೆ ಹೋದೆ, ಮತ್ತೆ ಆ ಕಟ್ಟೆ ಹತ್ತಲಿಲ್ಲ. ಈಗ ಈ ಕಪಾಟು ನನ್ನದಾಗಬೇಕಿತ್ತು, ಅದನ್ನು ಅಪ್ಪ ಒಬ್ಬ ವ್ಯಾಪಾರಸ್ಥಳ ಕಪಾಟು ಎಂದು ಒಪ್ಪಬೇಕಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ, ಮತ್ತು ಅದು ಹೆಂಡದ ಕಪಾಟಾಗಿ ಕೂತಿತ್ತು.

ಅಪ್ಪ ಬಂದ ಮೇಲೆ ಗುಟ್ಟು ಒಂದು ವಾರವೂ ನಿಲ್ಲಲಿಲ್ಲ. ನನ್ನ ಮಗಳು ಅದಿತಿಗೆ ಆಗ ಹನ್ನೊಂದು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಊಟಕ್ಕೆ ಕೂತಾಗ ಅಪ್ಪ ಅವಳನ್ನು, ನಿಮ್ಮಮ್ಮನ ಅಂಗಡೀಲಿ ಕಿತ್ತಳೆ ರಸ ಸಿಗಲ್ವೇನೇ ಎಂದು ಕೇಳಿದರು.

"ನೋ ತಾತಾ, ಇಟ್ಸ್ ಅ ವೈನ್ ಸ್ಟೋರ್," ಅಂದಳು ಅದಿತಿ, ಹಪ್ಪಳ ಮುರಿಯುತ್ತ.

ನಮ್ಮ ಕಡೆ ವೈನ್ ಸ್ಟೋರ್ ಎಂದರೆ ಏನು ನೆನಪಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಕಬ್ಬಿಣದ ಜಾಲರಿ, ಅದರ ಮುಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತವರು. ಅಪ್ಪ ಮಜ್ಜಿಗೆ ಅನ್ನ ಮುಗಿಸಿ, ಕೈ ತೊಳೆದು ಬಂದು, ಎಲ್ಲಿದೆ ಅಂಗಡಿ, ನಡಿ ನೋಡೋಣ ಅಂದರು. ಮೂರು ನಿಮಿಷದ ದಾರಿಯನ್ನು ಹತ್ತು ನಿಮಿಷ ನಡೆದೆವು. ನಾನು ಮನಸ್ಸಿನಲ್ಲೇ ನನ್ನ ವಕಾಲತ್ತು ಸಿದ್ಧ ಮಾಡಿಕೊಂಡೆ.

ಎಲೆನಿ ಎದ್ದು ಬಂದು ಅಪ್ಪನ ಕೈ ಕುಲುಕಿ, ಕುರ್ಚಿ ಹಾಕಿ, ನಮ್ಮಿಬ್ಬರನ್ನೇ ಬಿಟ್ಟು ಹೋದಳು. ಅಪ್ಪ ಕೂರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಅಂಗಡಿಯನ್ನು ಒಂದು ಸುತ್ತು ಬಂದರು. ಬಾಟಲಿಗಳನ್ನು ಯಾಕೆ ಮಲಗಿಸಿದ್ದೀರಿ ಎಂದು ಕೇಳಿದರು. ಬಿರಡೆ ಒಣಗಬಾರದು ಅಂದೆ. ಬಿಸಿಲು ಬೀಳದ ಗೋಡೆಗೆ ಕಪಾಟು ಹಾಕಿದ್ದನ್ನು ನೋಡಿ ತಲೆಯಾಡಿಸಿದರು. ದ್ವೀಪದ ಕಪಾಟಿನ ಮುಂದೆ ನಿಂತು ಮಾಂಡಿಲಾರಿಯಾದ ಚೀಟಿಯನ್ನು ಬೆರಳಿಟ್ಟು ತೋರಿಸಿ, ಇದರಲ್ಲಿ ಏನು ಬರೆದಿದೆ ಎಂದರು. ನಾನು ಓದಿ ಕನ್ನಡದಲ್ಲಿ ಹೇಳಿದೆ: ಒಣ ಅಂಜೂರ ಮತ್ತು ಚಕ್ಕೆಯ ವಾಸನೆ, ಬಾಯಲ್ಲಿ ರೇಷ್ಮೆಯ ಹಾಗೆ ನಯ. ಇದೇ ಸಮಯವೆಂದು ನನ್ನ ವಕಾಲತ್ತನ್ನೂ ಒಪ್ಪಿಸಿದೆ.

"ಅಪ್ಪ, ಎರಡು ವರ್ಷ ಆಯ್ತು ಇಲ್ಲಿ ಸೇರಿ. ಇವತ್ತಿನವರೆಗೂ ಒಂದು ತೊಟ್ಟು ಬಾಯಿಗೆ ಹಾಕಿಲ್ಲ. ನಾಲಿಗೆಗೂ ತಾಕಿಸಿಲ್ಲ. ನಿಮ್ಮಾಣೆ."

ಅಪ್ಪ ಚೀಟಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ರುಚಿ ನೋಡದೆ ಮಾರ್ತಿದೀಯಾ?"

"ಮೂಸಿದ್ರೆ ಗೊತ್ತಾಗತ್ತಪ್ಪ."

"ಮೂಸಿದ್ರೆ ವಾಸನೆ ಗೊತ್ತಾಗತ್ತೆ. ಬಾಯಲ್ಲಿ ನಯವಾಗಿರತ್ತೆ ಅಂತ ಬರ್ದಿದೀಯಲ್ಲ, ಅದನ್ನ ಯಾರ ಬಾಯಿ ಹೇಳ್ತು?"

ಅಪ್ಪನ ದನಿ ಏರಲಿಲ್ಲ. "ಕುಡೀಬೇಡ. ನಮ್ಮಲ್ಲಿ ಯಾರೂ ಕುಡಿಯಲ್ಲ, ನೀನೂ ಕುಡೀಬೇಡ. ಆದ್ರೆ ನಾಲಿಗೆ ಮೇಲೆ ಇಟ್ಟು ನೋಡದೇ ಇರೋ ಸರಕನ್ನ ಹೀಗಿದೆ ಹಾಗಿದೆ ಅಂತ ಹೇಳಿ ಮಾರೋದು ಮೋಸ ಕಣಮ್ಮ."

ವೈನು ಮಾರಿದ್ದಕ್ಕೆ ಬೈಸಿಕೊಳ್ಳಲು ತಯಾರಾಗಿ ಹೋದವಳು ನಾನು. ಅದಕ್ಕೆ ಬೈಸಿಕೊಂಡಿದ್ದರೆ ನೋಯುತ್ತಿತ್ತು, ಆದರೆ ಇಷ್ಟಲ್ಲ. ಯಾವುದನ್ನು ನನ್ನ ಸಚ್ಚಾರಿತ್ರ್ಯ ಎಂದು ಎರಡು ವರ್ಷ ಕಾಪಾಡಿಕೊಂಡು ಬಂದಿದ್ದೆನೋ ಅದೇ ನನ್ನ ಅಪರಾಧವಾಗಿತ್ತು. ನಿಂತಲ್ಲೇ ನನಗೆ ನೆನಪಾಯಿತು. ಹೊಸ ಚೀಲ ಬಂದಾಗಲೆಲ್ಲ ಅಪ್ಪ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಆಮೇಲೆ ಹೋಗಿ ಚರಂಡಿಗೆ ಉಗುಳಿ ಬರುತ್ತಿದ್ದರು. ನೆಲಬೇವು ಬಂದ ದಿನ ಅವರಿಗೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ನಾನೂ ನೋಡುತ್ತೇನೆಂದು ಕೈ ಚಾಚಿದರೆ, ಡಬ್ಬಿಗಳಲ್ಲಿ ವಿಷದ ಬೇರೂ ಇರುತ್ತವೆ, ನೀನು ದೊಡ್ಡವಳಾದ ಮೇಲೆ ಕಲಿಸ್ತೀನಿ ಅನ್ನುತ್ತಿದ್ದರು. ದೊಡ್ಡವಳಾದ ಮೇಲೆ ಏನಾಯಿತೆಂದು ಆಗಲೇ ಹೇಳಿದ್ದೇನೆ. ನಾನು ಆ ಅಂಗಡಿಯಿಂದ ತಂದದ್ದು ಅರ್ಧ ವಿದ್ಯೆ.

ಅಂಗಡಿಯಲ್ಲಿ ರುಚಿ ನೋಡುವವರಿಗೆಂದು ಉಗುಳುವ ಪಾತ್ರೆಯೊಂದು ಯಾವಾಗಲೂ ಇರುತ್ತದೆ, ನುರಿತವರು ನುಂಗುವುದಿಲ್ಲ. ನಮ್ಮ ತಾತನ ಪೀಕದಾನಿಯ ಹಾಗೆಯೇ ಇರುವ ಆ ಪಾತ್ರೆಯನ್ನು ಎರಡು ವರ್ಷ ದಿನಾ ತೊಳೆದಿದ್ದೆ, ಬಳಸಿರಲಿಲ್ಲ. ಅಪ್ಪ ಅದೇನೆಂದು ಕೇಳಿ ತಿಳಿದುಕೊಂಡು, ಎಲ್ಲ ಅನುಕೂಲ ಇಟ್ಟುಕೊಂಡೂ ಹೀಗಾ ಅಂದರು. ನಾನು ಬಾಟಲಿ ತೆರೆದು ಒಂದು ಗುಟುಕಿನಷ್ಟು ಬಗ್ಗಿಸಿಕೊಂಡೆ. ಬಾಯಿಗೆ ಹಾಕಿ, ಸುತ್ತ ಹೊರಳಿಸಿ, ಉಗುಳಿದೆ.

ಒಗರು. ಎಂಥ ಒಗರು ಅಂತೀರಿ. ಎಳೆ ಬಾಳೆಕಾಯಿಯನ್ನು ಹಸಿಯಾಗಿ ಕಚ್ಚಿದ ಹಾಗೆ ನಾಲಿಗೆ, ಒಸಡು, ಕೆನ್ನೆಯ ಒಳಮೈ ಎಲ್ಲ ಎಳೆದು ಹಿಡಿಯಿತು. ಮಂಡಿ ಲಾರಿ ನಿಜಕ್ಕೂ ನಾಲಿಗೆಯ ಮೇಲೆ ಹತ್ತಿ ಇಳಿಯಿತು. ಅದರ ಮುಂದೆ ನನ್ನ ಅಕ್ಷರದಲ್ಲಿ ರೇಷ್ಮೆ ಎಂದು ಬರೆದಿತ್ತು. ಹಿಂದೊಮ್ಮೆ ಗಡ್ಡದ ಗಿರಾಕಿಯೊಬ್ಬ ಆ ಬಾಟಲಿ ಒಯ್ದು ಮರುವಾರ ಬಂದು, ನಿಮ್ಮ ಊರಿನ ರೇಷ್ಮೆ ಸ್ವಲ್ಪ ಒರಟು ಅಂತ ಕಾಣುತ್ತದೆ ಎಂದು ವಿನಯವಾಗಿ ಹೇಳಿ ಹೋಗಿದ್ದ. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಅಳಲೆಕಾಯಿ ಪಂಡಿತರ ಬಗ್ಗೆ ನಗುತ್ತ ಬೆಳೆದವಳು ನಾನೇ ಒಬ್ಬ ಅಳಲೆಕಾಯಿ ಪಂಡಿತೆಯಾಗಿದ್ದೆ, ಅದೂ ಅಳಲೆಕಾಯಿಯ ಒಗರನ್ನೂ ನೋಡದೆ.

ಅಪ್ಪನನ್ನು ಮನೆಗೆ ಬಿಟ್ಟು ಬಂದು ಎಲೆನಿಗೆ ಎಲ್ಲ ಹೇಳಿದೆ. ಕಪಾಟು ಕೈತಪ್ಪುತ್ತದೆಂದೇ ಎಣಿಸಿದ್ದೆ. ಮಾಂಡಿಲಾರಿಯಾವನ್ನು ಬಾಯಿಗೆ ಹಾಕಿದ ಯಾವ ಮನುಷ್ಯರೂ ಅದನ್ನು ರೇಷ್ಮೆ ಅನ್ನುವುದಿಲ್ಲ, ನಿನ್ನ ನಾಲಿಗೆ ಬೇರೆ ಥರ ಇರಬೇಕು ಅಂದುಕೊಂಡಿದ್ದೆ ಅಂದಳು ಅವಳು. ಆ ರುಚಿಗೆ ನಿಮ್ಮ ಭಾಷೆಯಲ್ಲಿ ಮಾತಿದೆಯಾ ಎಂದು ಕೇಳಿದಳು. ಒಗರು ಅಂದೆ. ತನ್ನ ತಾಯಿಯ ಮಾತಿನಲ್ಲಿ ಅದು ಸ್ತಿಫೋ. ಇಂಗ್ಲಿಷಿನಲ್ಲಿರುವ ಮಾತು ಡಾಕ್ಟರ ಚೀಟಿಯಲ್ಲಿ ಬರೆಯುವಂಥದು, ಗಿರಾಕಿಗೆ ಹೇಳಿದರೆ ಓಡಿಹೋಗುತ್ತಾರೆ. ಕೋತ್ಸಿಫಾಲಿಯನ್ನೂ ಬಗ್ಗಿಸಿ ಕೊಟ್ಟಳು. ಮೆದು, ಬಣ್ಣ ತೆಳು, ಒಗರೇ ಇಲ್ಲ. ಎರಡನ್ನೂ ಯಾಕೆ ಬೆರೆಸುತ್ತಾರೆಂದು ಆಗ ನನ್ನ ನಾಲಿಗೆಗೆ ತಿಳಿಯಿತು. ಶನಿವಾರಕ್ಕೆ ಒಂಬತ್ತು ದಿನ ಇತ್ತು. ಮಧ್ಯಾಹ್ನದ ಹೊತ್ತು ಕಪಾಟಿನ ಒಂದೊಂದೇ ವೈನನ್ನು ಬಾಯಿಗೆ ಹಾಕಿ ಉಗುಳಿ ಅಷ್ಟೂ ಚೀಟಿಗಳನ್ನು ಹೊಸದಾಗಿ ಬರೆದೆ. ಹಳೆಯದರಲ್ಲಿ ವಾಸನೆಯ ಸಾಲು ಒಂದೂ ತಪ್ಪಿರಲಿಲ್ಲ. ಬಾಯಿಯ ಸಾಲುಗಳಲ್ಲಿ ಸರಿಯಿದ್ದದ್ದು ಮೂರು.

ಶನಿವಾರ ಮಧ್ಯಾಹ್ನ ಹದಿನಾಲ್ಕು ಜನ ಬಂದರು, ಗಡ್ಡದವನೂ ಬಂದಿದ್ದ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ವೈನು ಬಗ್ಗಿಸುವ ಮೊದಲು ಹಳೆಯ ಚೀಟಿಗಳನ್ನು ಎಲ್ಲರೆದುರು ಹಿಡಿದು, ಇವನ್ನು ಬರೆದವಳು ನಾನು, ಬರೆದಾಗ ಇವುಗಳ ರುಚಿ ನೋಡಿರಲಿಲ್ಲ, ಮೂಸಿ ಅಂದಾಜು ಮಾಡಿದ್ದೆ, ಅದು ತಪ್ಪು, ನನ್ನ ಮಾತು ನಂಬಿ ಒಯ್ದು ಮೋಸ ಹೋದವರು ಇದ್ದರೆ ಬದಲಿಸಿಕೊಡುತ್ತೇನೆ ಎಂದೆ. ಗಡ್ಡದವನು ಆ ಒರಟು ರೇಷ್ಮೆಗೆ ತಾನು ಒಗ್ಗಿಹೋಗಿದ್ದೇನೆ, ಬದಲಿಸುವುದು ಬೇಡ, ಇನ್ನೊಂದು ಬಾಟಲಿ ಬೇಕು ಅಂದ. ಎಲ್ಲರೂ ನಕ್ಕರು. ಆಮೇಲೆ ಒಂದೂವರೆ ತಾಸು ಆರು ವೈನುಗಳನ್ನು ನಾನು ಹೇಗೆ ಓಡಿಸಿದೆನೆಂದು ಹೇಳಿದರೆ ಮತ್ತೆ ಜಂಬವಾಗುತ್ತದೆ. ಹದಿನಾಲ್ಕು ಜನ ಅಮೆರಿಕನ್ನರು ಗ್ಲಾಸು ಹಿಡಿದು ಒಗರೂ, ಒಗರೂ ಅನ್ನುತ್ತಿದ್ದರೆಂದು ಮಾತ್ರ ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ಎಲೆನಿ, ಸೋಮವಾರ ದ್ವೀಪದ ವೈನು ತರಿಸುವವನು ಬರುತ್ತಾನೆ, ನೀನೇ ಮಾತಾಡು, ನಾನು ಬರುವುದಿಲ್ಲ ಎಂದಳು.

ಅಪ್ಪ ಆವತ್ತು ನಡೆದು ಬರುವಾಗ ಇಲ್ಲಿಯ ಪೈನ್ ಮರದ ಅಂಟು ಧೂಪಕ್ಕೆ ಆಗುತ್ತದಾ ಎಂದು ಕೇಳಿದರು, ಅಷ್ಟೇ. ಹೇಗಿತ್ತೆಂದು ನಾನೂ ಕೇಳಲಿಲ್ಲ. ಕೇಳಿ ಹೊಗಳಿಸಿಕೊಳ್ಳುವ ವಯಸ್ಸಲ್ಲ ಎಂದು ಬಿಗುಮಾನ ಮಾಡಿದೆ, ಒಳಗೊಳಗೆ ಕಾದೆ.

ಮಾರನೆಯ ಬೆಳಗ್ಗೆ, ಅಂದರೆ ಮೈಸೂರಿನ ಭಾನುವಾರ ಸಂಜೆ, ಅಮ್ಮ ಫೋನು ಮಾಡಿದರು. ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಅಪ್ಪ ನಡುಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಎಂದಿನಂತೆ ಮೈಸೂರಿಗೆ ನೇರವಾಗಿ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಿದ್ದರು. ಅಮ್ಮನಿಗೂ ಅದಿತಿ ಸುದ್ದಿ ಮುಟ್ಟಿಸಿದ್ದಳೆಂದು ಕಾಣುತ್ತದೆ.

"ಏನ್ರೀ, ಸುಮ ಹೆಂಡದಂಗಡೀಲಿ ಕೆಲಸ ಮಾಡ್ತಾಳಂತೆ? ಇಲ್ಲಿ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ನಾನು?"

"ವ್ಯಾಪಾರ ಮಾಡ್ತಾಳೆ ಅನ್ನು," ಅಂದರು ಅಪ್ಪ. "ನಿನ್ನೆ ಕೂತು ನೋಡಿದೆ. ತಪ್ಪು ಬರ್ದಿದ್ದನ್ನ ಗಿರಾಕಿಗಳ ಮುಂದೆ ತಪ್ಪು ಅಂತ ಹೇಳಿ ಆಮೇಲೆ ಸರಕು ತೆಗೆದ್ಲು. ನಂಗೂ ಅಷ್ಟು ಧೈರ್ಯ ಬರ್ತಿತ್ತೋ ಇಲ್ವೋ."

ಅಮ್ಮ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಕಾವಲಿಯ ಮೇಲಿನ ದೋಸೆ ಸೀಯುವ ವಾಸನೆ ಬರುತ್ತಿತ್ತು. ನನ್ನ ಮೂಗಿಗೆ ಬಂದೂ ನಾನು ಕದಲಲಿಲ್ಲ. ಅಪ್ಪ ಈ ಸಲ ಮಾಮೂಲಿ ದನಿಯಲ್ಲಿ ಹೇಳಿದರು.

"ಅವತ್ತು ಅವಳನ್ನ ನಾನು ಅಂಗಡಿಯಿಂದ ಎಬ್ಬಿಸಿ ಕಳಿಸಬಾರದಾಗಿತ್ತು ಕಣೇ."